ಲೋಗೋ ಟೊಯೊಟಾದ್ದು, ಎಂಜಿನ್ ಮಾರುತಿದು: ಹೆಸರಿಗೆ ಎಷ್ಟು ಕೊಡ್ಬೇಕು, ಕಾರಿಗೆ ಎಷ್ಟು?

ಬಿಡದಿಯಲ್ಲೇ ಫ್ಯಾಕ್ಟರಿ ಇರೋದ್ರಿಂದ ನಮ್ಮ ಕಡೆ ಟೊಯೊಟಾ ಅಂದ್ರೆ ಅಭಿಮಾನ ಒಂದು ಕೈ ಜಾಸ್ತಿ. ಕ್ವಾಲಿಸ್, ಇನ್ನೋವಾ ಓಡಿಸಿದವರು "ಎಂಜಿನ್ ಸಾಯೋದೇ ಇಲ್ಲ" ಅಂತಾರೆ. ಇನ್ನೊಂದು ಕಡೆ, ಮಾರುತಿ 800 ಕಾಲದಿಂದ ಬೇರೆ ಶೋರೂಂ ಮೆಟ್ಟಿಲೇ ಹತ್ತದ ಮನೆಗಳೂ ಇವೆ. ಆದ್ರೆ ಈಗ ಈ ಎರಡು ಶೋರೂಮಲ್ಲಿ ನಿಂತಿರೋ ಎಷ್ಟೋ ಕಾರುಗಳು ಒಳಗಡೆ ಒಂದೇ. ಏಳು ವರ್ಷ ಕಂತು ಕಟ್ಟೋಕೆ ಹೊರಟವರು ಮೊದಲು ತಿಳ್ಕೋಬೇಕಾದ ವಿಷಯ ಇದು.

ಒಂದೇ ಹಿಟ್ಟು, ಎರಡು ಹೋಟೆಲ್

2018ರ ಮಾರ್ಚ್‌ನಲ್ಲಿ ಟೊಯೊಟಾ ಮತ್ತು ಸುಜುಕಿ ಭಾರತದಲ್ಲಿ ಒಬ್ಬರಿಗೊಬ್ಬರು ಕಾರು ಪೂರೈಸುವ ಒಪ್ಪಂದ ಮಾಡಿಕೊಂಡವು. ಒಂದೇ ಕಡೆ ರುಬ್ಬಿದ ಹಿಟ್ಟಲ್ಲಿ ಎರಡು ಹೋಟೆಲ್‌ನವರು ತಟ್ಟೆ ಇಡ್ಲಿ ಹಾಕಿದ ಹಾಗೆ. ಅಲ್ಲಿಂದ ಬಂದ ಜೋಡಿಗಳಲ್ಲಿ ಕೆಲವು ಇವು:

- ಮಾರುತಿ ಬಲೆನೊ – ಟೊಯೊಟಾ ಗ್ಲಾಂಜಾ (2019)
- ಮಾರುತಿ ಗ್ರ್ಯಾಂಡ್ ವಿಟಾರಾ – ಟೊಯೊಟಾ ಹೈರೈಡರ್ (ಎರಡೂ 2022)
- ಟೊಯೊಟಾ ಇನ್ನೋವಾ ಹೈಕ್ರಾಸ್ – ಮಾರುತಿ ಇನ್ವಿಕ್ಟೊ (2023)
- ಮಾರುತಿ ಎರ್ಟಿಗಾ – ಟೊಯೊಟಾ ರೂಮಿಯನ್ (2023)
- ಮಾರುತಿ ಫ್ರಾಂಕ್ಸ್ – ಟೊಯೊಟಾ ಟೈಸರ್ (2024)

ಮುಂದಿನ ಗ್ರಿಲ್, ಬಂಪರ್, ವೀಲ್, ಸೀಟಿನ ಬಣ್ಣ, ಫೀಚರ್ ಹಂಚಿಕೆ ಇಂಥದ್ರಲ್ಲಿ ವ್ಯತ್ಯಾಸ ಇರುತ್ತೆ. ಎಂಜಿನ್, ಗೇರ್‌ಬಾಕ್ಸ್, ಬಾಡಿ ಮೂಲದಲ್ಲಿ ಒಂದೇ.

ಇಲ್ಲೊಂದು ತಮಾಷೆ ಇದೆ. "ನಮ್ಮೂರ ಕಾರು" ಅಂತ ಗ್ಲಾಂಜಾ ತಗೊಂಡ್ರೆ ಅದು ಬಿಡದಿಯದ್ದಲ್ಲ, ಸುಜುಕಿ ಕಡೆಯಿಂದ ತಯಾರಾಗಿ ಬರೋದು. ಅದೇ "ನಾವು ಮಾರುತಿಯವರು" ಅಂತ ಇನ್ವಿಕ್ಟೊ ತಗೊಂಡವರ ಮನೆ ಮುಂದೆ ನಿಲ್ಲೋದು ಬಿಡದಿಯಲ್ಲಿ ಟೊಯೊಟಾ ಮಾಡಿದ ಕಾರು. ಗ್ರ್ಯಾಂಡ್ ವಿಟಾರಾವನ್ನೂ ಮಾರುತಿಗೆ ಮಾಡಿಕೊಟ್ಟಿದ್ದು ಬಿಡದಿ ಪ್ಲಾಂಟೇ.

ನಂಬಿಕೆ ಗಳಿಸಿದ್ದು ಯಾವ ಕಾರು?

ಹೆಸರು ನಂಬಿ ಕೊಳ್ಳೋದು ತಪ್ಪೇನಲ್ಲ. ಆದ್ರೆ ಆ ನಂಬಿಕೆ ಹುಟ್ಟಿದ್ದು ಯಾವ ಕಾರಿಂದ, ನಾವು ಈಗ ಕೊಳ್ತಿರೋದು ಯಾವುದು ಅಂತ ನೋಡ್ಬೇಕು.

ಟೊಯೊಟಾಗೆ ಇಲ್ಲಿ ಹೆಸರು ತಂದುಕೊಟ್ಟಿದ್ದು ಡೀಸೆಲ್ ಕ್ವಾಲಿಸ್, ಇನ್ನೋವಾ. ಗ್ಲಾಂಜಾದಲ್ಲಿರೋದು ಸುಜುಕಿಯ 1.2 ಲೀಟರ್ ಪೆಟ್ರೋಲ್ ಎಂಜಿನ್. ಅದು ಒಳ್ಳೇ ಎಂಜಿನ್ನೇ, ಆದ್ರೆ ಇನ್ನೋವಾ ಎಂಜಿನ್ ಅಲ್ಲ. ಇನ್ನೋವಾ ಹೆಸರಲ್ಲೇ ಎರಡು ಥರ ಇದೆ ನೋಡಿ. ಕ್ರಿಸ್ಟಾ ಅಂದ್ರೆ ಚಾಸಿ ಮೇಲೆ ಕೂರಿಸಿದ ಬಾಡಿ, ಡೀಸೆಲ್ ಎಂಜಿನ್, ಹಿಂದಿನ ಚಕ್ರಕ್ಕೆ ಪವರ್. ಹೈಕ್ರಾಸ್‌ಗೆ ಬೇರೆ ಚಾಸಿ ಇಲ್ಲ. ಪೆಟ್ರೋಲ್ ಇಲ್ಲವೇ ಹೈಬ್ರಿಡ್, ಮುಂದಿನ ಚಕ್ರಕ್ಕೆ ಪವರ್. ಎರಡರ ಗುಣವೂ ಬೇರೆ, ಖರ್ಚೂ ಬೇರೆ.

ಮಾರುತಿ ಅಭಿಮಾನಿಗಳಿಗೂ ಇದೇ ಮಾತು. ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ 2023ರಲ್ಲಿ ವ್ಯಾಗನ್ ಆರ್‌ಗೆ ದೊಡ್ಡವರ ಸುರಕ್ಷತೆಯಲ್ಲಿ ಸಿಕ್ಕಿದ್ದು 1 ಸ್ಟಾರ್, ಆಲ್ಟೊ ಕೆ10ಗೆ 2 ಸ್ಟಾರ್. ಆಗ ಅವೆರಡರಲ್ಲೂ ಇದ್ದದ್ದು ಎರಡೇ ಏರ್‌ಬ್ಯಾಗ್. 2024ರಲ್ಲಿ ಹೊಸ ಡಿಜೈರ್ ಅದೇ ಸಂಸ್ಥೆಯ ಪರೀಕ್ಷೆಯಲ್ಲಿ 5 ಸ್ಟಾರ್ ತಗೊಂಡ್ತು. ಕಂಪನಿ ಒಂದೇ, ಶೋರೂಂ ಒಂದೇ, ಫಲಿತಾಂಶ ಮಾತ್ರ ಅಜಗಜಾಂತರ. ಹಾಗಾಗಿ ಮನೆಯವರನ್ನೆಲ್ಲ ಕೂರಿಸ್ಕೊಂಡು ಹೋಗೋ ಕಾರಿಗೆ ಕಂಪನಿ ಹೆಸರು ನೋಡೋದಲ್ಲ, ಆ ಮಾಡೆಲ್‌ನ ರೇಟಿಂಗ್ ನೋಡ್ಬೇಕು.

ಹಾಗಾದ್ರೆ ಲೋಗೋಗೆ ಬೆಲೆನೇ ಇಲ್ವಾ?

ಇದೆ. ಕಾರು ಒಂದೇ ಆದ್ರೂ ಅದರ ಹಿಂದೆ ನಿಲ್ಲೋರು ಬೇರೆ. ಮೊದಲು ವಾರಂಟಿಯೇ ದೊಡ್ಡ ವ್ಯತ್ಯಾಸ ಆಗಿತ್ತು: ಟೊಯೊಟಾ 3 ವರ್ಷ ಅಥವಾ 1 ಲಕ್ಷ ಕಿ.ಮೀ., ಮಾರುತಿ 2 ವರ್ಷ ಅಥವಾ 40,000 ಕಿ.ಮೀ. ಗ್ಲಾಂಜಾಗೆ ಸ್ವಲ್ಪ ಜಾಸ್ತಿ ಕೊಡೋಕೆ ಆಗ ಅದೊಂದು ಗಟ್ಟಿ ಕಾರಣ. 2024ರ ಜುಲೈನಲ್ಲಿ ಮಾರುತಿಯೂ 3 ವರ್ಷ, 1 ಲಕ್ಷ ಕಿ.ಮೀ. ಮಾಡ್ತು. ಆ ಕಾರಣ ಈಗಿಲ್ಲ, ಆದ್ರೂ ಹಳೇ ಲೆಕ್ಕ ಹೇಳೋರು ಇನ್ನೂ ಇದ್ದಾರೆ.

ಈಗ ಉಳಿದಿರೋದು ಸರ್ವೀಸ್ ಸೆಂಟರ್ ಎಷ್ಟು ದೂರ, ಅಲ್ಲಿನವರ ಕೆಲಸ ಹೇಗೆ, ಗಾಡಿ ಕೈಗೆ ಸಿಗೋಕೆ ಎಷ್ಟು ದಿನ, ಮತ್ತೆ ಮಾರಿದ್ರೆ ಎಷ್ಟು ಬರುತ್ತೆ ಅನ್ನೋದು. ಮಾರುತಿ ಸರ್ವೀಸ್ ಸಣ್ಣ ಊರುಗಳಲ್ಲೂ ಸಿಗುತ್ತೆ, ಹೊರಗಿನ ಮೆಕ್ಯಾನಿಕ್‌ಗಳ ಕೈಯೂ ಅದಕ್ಕೆ ಪಳಗಿದೆ.

20 ಸಾವಿರ ಅಂತರ 53 ಸಾವಿರ ಆಗೋದು ಹೇಗೆ?

ಹೆಸರಿಗೆ ಕೊಡೋ ಹೆಚ್ಚಿನ ದುಡ್ಡು ಶೋರೂಂ ಬೆಲೆಗೇ ಮುಗಿಯಲ್ಲ. ಕರ್ನಾಟಕದಲ್ಲಿ ಜೀವಿತಾವಧಿ ತೆರಿಗೆ 5ರಿಂದ 10 ಲಕ್ಷದ ಕಾರಿಗೆ ಶೇ 14, ಹತ್ತು ಲಕ್ಷ ದಾಟಿ 20 ಲಕ್ಷದವರೆಗೆ ಶೇ 17. ಅದರ ಮೇಲೆ ಸೆಸ್ ಬೇರೆ.

ಉದಾಹರಣೆಗೆ ಒಂದು ಕಾರು 9.90 ಲಕ್ಷ, ಅದರ ಜೋಡಿ 10.10 ಲಕ್ಷ ಅಂತ ಇಟ್ಕೊಳ್ಳಿ. ಮೊದಲನೇದಕ್ಕೆ ತೆರಿಗೆ 1,38,600 ರೂ., ಎರಡನೇದಕ್ಕೆ 1,71,700 ರೂ. 20,000 ಇದ್ದ ಅಂತರ ಸೆಸ್ ಬಿಟ್ಟೇ 53,100 ಆಯ್ತು. ಈ ಹೆಚ್ಚಿನ ದುಡ್ಡಲ್ಲಿ ಬರೀ 50,000ವನ್ನ ಶೇ 9ರ ಬಡ್ಡಿಯಲ್ಲಿ 7 ವರ್ಷದ ಸಾಲಕ್ಕೆ ಸೇರಿಸಿದ್ರೂ ಕಂತು ತಿಂಗಳಿಗೆ ಸುಮಾರು 800 ರೂ. ಏರುತ್ತೆ. ಕೊನೆಗೆ ಕಟ್ಟೋದು ಹತ್ತಿರ ಹತ್ತಿರ 67,500. ರೇಷ್ಮೆಗೂಡಿನ ರೇಟು ಒಂದು ವಾರ ಇದ್ದಂಗೆ ಇನ್ನೊಂದು ವಾರ ಇರಲ್ಲ. ಆ ದುಡ್ಡಲ್ಲಿ ಕಂತು ಕಟ್ಟೋ ಮನೆಗೆ ತಿಂಗಳಿಗೆ 800 ಸಣ್ಣದಲ್ಲ.

ಹೈಬ್ರಿಡ್ ಲೆಕ್ಕವೂ ಹೀಗೇ. ಹೈರೈಡರ್, ಗ್ರ್ಯಾಂಡ್ ವಿಟಾರಾ ಎರಡಕ್ಕೂ ಕಂಪನಿ ಹೇಳೋ ಮೈಲೇಜ್ ಸ್ಟ್ರಾಂಗ್ ಹೈಬ್ರಿಡ್‌ನಲ್ಲಿ 27.97, ಮೈಲ್ಡ್ ಹೈಬ್ರಿಡ್ ಮ್ಯಾನುಯಲ್‌ನಲ್ಲಿ ಸುಮಾರು 21.1. ವರ್ಷಕ್ಕೆ 10,000 ಕಿ.ಮೀ. ಓಡಿಸಿದ್ರೆ ಉಳಿಯೋದು ಸುಮಾರು 116 ಲೀಟರ್. ಲೀಟರಿಗೆ 100 ರೂ. ಅಂದ್ರೂ 11,600. ಎರಡರ ಬೆಲೆ ಅಂತರ 3 ಲಕ್ಷ ಇದ್ರೆ ದುಡ್ಡು ವಾಪಸ್ ಬರೋಕೆ 25 ವರ್ಷ ದಾಟುತ್ತೆ. ದಿನಾ ಬೆಂಗಳೂರು ಟ್ರಾಫಿಕ್‌ಗೆ ಹೋಗಿ ಬರೋರಿಗೆ, ವರ್ಷಕ್ಕೆ 30,000 ಓಡಿಸೋರಿಗೆ ಲೆಕ್ಕ ಬೇರೆ ಬರುತ್ತೆ. ಭಾನುವಾರ ಮಾತ್ರ ಗಾಡಿ ತೆಗೆಯೋರಿಗೆ ಬರಲ್ಲ.

ಅಡ್ವಾನ್ಸ್ ಕೊಡೋ ಮುಂಚೆ

1. ಎರಡೂ ಶೋರೂಂಗೆ ಹೋಗಿ. ಬರೀ ಎಕ್ಸ್-ಶೋರೂಂ ಬೆಲೆ ಬೇಡ, ಆನ್-ರೋಡ್ ಕೊಟೇಶನ್ ಬರೆಸ್ಕೊಳ್ಳಿ. ಆರಂಭಿಕ ಬೆಲೆ ಹೋಲಿಸಬೇಡಿ, ಒಂದೇ ಫೀಚರ್ ಇರೋ ವೇರಿಯಂಟ್ ಹೋಲಿಸಿ.

2. ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟ್, ಬಂಪರ್ ರೇಟು ಎರಡೂ ಕಡೆ ಕೇಳಿ.

3. ನಿಮ್ಮ ಮನೆಯಿಂದ ಸರ್ವೀಸ್ ಸೆಂಟರ್‌ಗೆ ಎಷ್ಟು ಕಿ.ಮೀ. ಅಂತ ನೋಡಿ.

4. ಸೆಕೆಂಡ್ ಹ್ಯಾಂಡ್ ವ್ಯಾಪಾರಿ ಹತ್ರ ಐದು ವರ್ಷದ ಹಳೇ ಬಲೆನೊ, ಗ್ಲಾಂಜಾ ಎರಡರ ರೇಟೂ ಕೇಳಿ. ಮರುಮಾರಾಟದ ಬೆಲೆ ಬಗ್ಗೆ ಸೇಲ್ಸ್‌ನವರ ಮಾತಿಗಿಂತ ಇದು ನಂಬಿಕಸ್ತ.

5. ನೀವು ತಗೊಳ್ಳೋ ಮಾಡೆಲ್‌ನ ಭಾರತ್ ಎನ್‌ಕ್ಯಾಪ್ ರೇಟಿಂಗ್ ಮೊಬೈಲಲ್ಲೇ ನೋಡ್ಕೊಳ್ಳಿ.

ಇಷ್ಟೆಲ್ಲ ನೋಡಿದ ಮೇಲೂ "ನಂಗೆ ಟೊಯೊಟಾನೇ ಬೇಕು" ಅಥವಾ "ನಮ್ಮನೇಲಿ ಮಾರುತಿನೇ" ಅಂದ್ರೆ ಧಾರಾಳವಾಗಿ ತಗೊಳ್ಳಿ. ಆದ್ರೆ ಆ ಹೆಸರಿಗೆ ಎಷ್ಟು ಸಾವಿರ ಹೆಚ್ಚು ಕೊಡ್ತಿದ್ದೀರಿ ಅನ್ನೋದು ಸಹಿ ಹಾಕೋ ಮುಂಚೆ ನಿಮಗೆ ಗೊತ್ತಿರಲಿ.