ಕೋಳಿಗಳಿಗೆ ಗೂಡು ಸೇರುವ ಅಭ್ಯಾಸ

ಹಿತ್ತಿಲಲ್ಲಿ ನಾಲ್ಕಾರು ಕೋಳಿಗಳಿದ್ದರೆ ಮಕ್ಕಳಿಗೆ ಮೊಟ್ಟೆಯೂ, ಮನೆಯಾಕೆಯ ಕೈಗೆ ತನ್ನದೆನ್ನುವ ನಾಲ್ಕು ಕಾಸೂ ದೊರೆಯುವುವೆಂಬುದನ್ನು ನಮ್ಮ ಓದುಗರಲ್ಲಿ ಅನೇಕರು ಬಲ್ಲರು. ಆದರೆ ವರ್ಷವೆಲ್ಲಾ ಸಾಕಿದ ಹೇಂಟೆಯನ್ನು ಒಂದೇ ರಾತ್ರಿಯಲ್ಲಿ ಕಾಡುಬೆಕ್ಕಿಗೆ ಒಪ್ಪಿಸಿದವರೂ ಕಡಿಮೆಯಿಲ್ಲ. ಆದಕಾರಣ ಕೋಳಿಗಳು ಸಂಜೆಯಲ್ಲಿ ತಾವಾಗಿಯೇ ಗೂಡು ಸೇರುವಂತೆ ಅಭ್ಯಾಸ ಮಾಡಿಸುವ ಬಗೆಯನ್ನು ಇಲ್ಲಿ ವಿವರಿಸುವೆವು.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುವೆವು. ಒಮ್ಮೆ ನಾವು ಸಂತೆಯಿಂದ ಏಳು ಹೇಂಟೆಗಳನ್ನು ತಂದು ಅಂದೇ ಅಂಗಳದಲ್ಲಿ ಬಿಟ್ಟೆವು. ಸಂಜೆಯಾಗುತ್ತಲೇ ಅವು ಗೂಡಿನ ಕಡೆ ತಿರುಗಿಯೂ ನೋಡದೆ ಹಲಸಿನ ಮರವನ್ನೇರಿದವು. ನಾವು ಕೋಲು ಹಿಡಿದು, ಕೂಗಾಡಿ, ಮನೆಮಂದಿಯೆಲ್ಲಾ ಕೂಡಿ ಅಟ್ಟಿದೆವು. ಮೂರು ಕೈಗೆ ಸಿಕ್ಕಿದವು. ನಾಲ್ಕು ಇನ್ನೂ ಮೇಲಣ ಕೊಂಬೆಗೆ ಹಾರಿದವು. ಬೆಳಿಗ್ಗೆ ನೋಡಿದರೆ ಮರದಡಿಯಲ್ಲಿ ಗರಿಗಳು ಚೆದರಿದ್ದವು. ಒಂದು ಹೇಂಟೆ ಇರಲಿಲ್ಲ. ನೆರೆಮನೆಯ ಅಜ್ಜಿಯು ಅದನ್ನು ಕಂಡು, "ಅಟ್ಟಿದರೆ ಕೋಳಿ ಗೂಡಿಗೆ ಬರುತ್ತದೇನು, ಮಕ್ಕಳೇ? ಗೂಡು ತನ್ನದೆಂದು ಮೊದಲು ಅದಕ್ಕೆ ತಿಳಿಯಲಿ" ಎಂದರು. ಮುಂದೆ ನಾವು ಹೇಳುವುದೆಲ್ಲವೂ ಈ ಮಾತಿನ ವಿವರಣೆಯೇ.

ಮರವನ್ನೇರುವುದು ಕೋಳಿಯ ಹಠವಲ್ಲ, ಹುಟ್ಟುಗುಣ. ಸಾಕುಕೋಳಿಯ ಮುಖ್ಯ ಮೂಲವು ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ನಮ್ಮ ಪಶ್ಚಿಮಘಟ್ಟಗಳಲ್ಲಿಯೂ ಇರುವ ಬೂದು ಕಾಡುಕೋಳಿಯ ರಕ್ತವು ಸ್ವಲ್ಪ ಸೇರಿದೆ. ಅನೇಕ ಸಾಕುಕೋಳಿಗಳ ಚರ್ಮದ ಹಳದಿ ಬಣ್ಣವು ಅದರಿಂದ ಬಂದುದೆಂದು 2008ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಈ ಎರಡು ಜಾತಿಗಳೂ ಹಗಲು ನೆಲವನ್ನು ಕೆದರಿ ಮೇದು, ರಾತ್ರಿ ಕೊಂಬೆಯ ಮೇಲೆ ನಿದ್ರಿಸುವುವು. ಕೋಳಿಗೆ ಮಬ್ಬಿನಲ್ಲಿ ಕಣ್ಣು ಚೆನ್ನಾಗಿ ಕಾಣಿಸದು. ಆದುದರಿಂದ ಬೆಳಕು ಕುಂದುತ್ತಲೇ ಎತ್ತರವಾದ, ಪರಿಚಿತವಾದ ಸ್ಥಳವನ್ನು ಅದು ಅರಸುವುದು. ಆ ಸ್ಥಳವು ಗೂಡೇ ಆಗುವಂತೆ ಮಾಡುವುದಷ್ಟೇ ನಮ್ಮ ಕೆಲಸ.

ಹೊಸ ಕೋಳಿಗಳನ್ನು ಒಂದು ವಾರದವರೆಗೆ ಹೊರಗೆ ಬಿಡದೆ, ಗೂಡಿನಲ್ಲಿಯೇ ಇರಿಸಿ, ನೀರನ್ನೂ ಕಾಳನ್ನೂ ಅಲ್ಲಿಯೇ ಕೊಡಬೇಕು. ಬಳಿಕ ಕೆಲವು ದಿನ ಸೂರ್ಯಾಸ್ತಕ್ಕೆ ಒಂದು ಗಂಟೆ ಮುಂಚೆ ಮಾತ್ರ ಬಿಡಬೇಕು. ಆಗ ದೂರ ಅಲೆಯಲು ಅವಕ್ಕೆ ಹೊತ್ತಿರದು. ಪ್ರತಿ ಸಂಜೆಯೂ ಅದೇ ವೇಳೆಗೆ ಅದೇ ಪಾತ್ರೆಯನ್ನು ತಟ್ಟಿ, "ಬಾ ಬಾ" ಎಂದು ಕರೆದು, ಒಂದು ಹಿಡಿ ನುಚ್ಚನ್ನಾಗಲಿ ರಾಗಿಯನ್ನಾಗಲಿ ಗೂಡಿನ ಒಳಗೆ ಚೆಲ್ಲಬೇಕು. ಕರೆದು ಬರಿಗೈ ತೋರಿಸಬಾರದು. ಎರಡು ಸಲ ಮೋಸಹೋದ ಕೋಳಿ ಮೂರನೆಯ ಸಲ ಕಿವಿಗೊಡದು. ಮರವೇರಿದುದನ್ನು ಅಟ್ಟದೆ, ಕತ್ತಲಾದೊಡನೆ ಎರಡು ಕೈಗಳಿಂದ ಮೆಲ್ಲನೆ ಎತ್ತಿ ಗೂಡಿನೊಳಗಣ ಅಡ್ಡಗೋಲಿನ ಮೇಲೆ ಕೂರಿಸಬೇಕು. ಕತ್ತಲೆಯಲ್ಲಿ ಅದು ಹೆಚ್ಚು ಹೋರಾಡದು. ಕೆಲವು ರಾತ್ರಿ ಹೀಗೆ ಮಾಡಿದರೆ ತಾನೇ ಬರತೊಡಗುವುದು. ತಾಯಿಯೊಡನೆ ಬೆಳೆದ ಮರಿಗಳಿಗಾದರೋ ತಾಯಿಯೇ ಉಪಾಧ್ಯಾಯಿನಿ. ಅವುಗಳ ವಿಷಯದಲ್ಲಿ ನಮಗೆ ಅಷ್ಟು ಶ್ರಮವಿಲ್ಲ.

ಇಷ್ಟಾದರೂ ಬಾರದಿದ್ದರೆ ಕೋಳಿಯನ್ನು ಬಯ್ಯದೆ ಗೂಡನ್ನು ಪರೀಕ್ಷಿಸಬೇಕು. ಒಳಗೆ ಹೊರಗಿಗಿಂತ ಹೆಚ್ಚು ಕತ್ತಲೆಯಿದ್ದರೆ ಅವು ಪ್ರವೇಶಿಸಲು ಅಂಜುವುವು. ಎಲ್ಲವೂ ಸೇರುವವರೆಗೆ ಒಂದು ಸಣ್ಣ ದೀಪವನ್ನಿಟ್ಟರೆ ಸಾಕು. ಕೋಳಿಗಳಲ್ಲಿಯೂ ಮೇಲುಕೀಳಿನ ಸಾಲು ಉಂಟು. ನಾರ್ವೆ ದೇಶದ ಶೆಲ್ಡರುಪ್ ಎಬ್ಬೆ ಎಂಬವರು ಈ ಕುಕ್ಕುವ ಕ್ರಮವನ್ನು 1922ರಲ್ಲಿ ಪ್ರಕಟವಾದ ಲೇಖನದಲ್ಲಿ ವಿವರಿಸಿದರು. ಅಡ್ಡಗೋಲು ಗಿಡ್ಡವಾದರೆ ಕೆಳಸಾಲಿನ ಕೋಳಿಯು ಕುಕ್ಕಿಸಿಕೊಂಡು ಹೊರಗೇ ಉಳಿಯುವುದು; ಆದಕಾರಣ ಒಂದೊಂದಕ್ಕೆ 8ರಿಂದ 10 ಅಂಗುಲ ಸ್ಥಳವಿರಬೇಕು. ಅಡ್ಡಗೋಲು ಮೊಟ್ಟೆಯಿಡುವ ಬುಟ್ಟಿಗಿಂತ ಎತ್ತರದಲ್ಲಿರಬೇಕು. ಇಲ್ಲವಾದರೆ ಬುಟ್ಟಿಯಲ್ಲೇ ಮಲಗಿ ಹೊಲಸು ಮಾಡುವುವು. ಹಗಲು ಬಿರುಕುಗಳಲ್ಲಡಗಿ ರಾತ್ರಿ ರಕ್ತ ಹೀರುವ ಕೆಂಪು ನುಸಿಯೊಂದುಂಟು. ರೂಢಿಯಾದ ಕೋಳಿಗಳೇ ಥಟ್ಟನೆ ಗೂಡನ್ನು ತೊರೆದರೆ, ದೀಪ ಹಿಡಿದು ಅಡ್ಡಗೋಲಿನ ಅಡಿಭಾಗವನ್ನು ನೋಡಬೇಕು. ನುಸಿ ಕಂಡರೆ ಕೋಳಿಗಳನ್ನು ಹೊರಗಿರಿಸಿ, ಬಿರುಕುಗಳಿಗೆ ಕುದಿಯುವ ನೀರು ಹೊಯ್ದು, ಚೆನ್ನಾಗಿ ಒಣಗಿಸಿ, ಸುಣ್ಣ ಬಳಿಯಬೇಕು.

ನಮ್ಮ ಉಳಿದ ಆರು ಹೇಂಟೆಗಳು ಎರಡು ವಾರಗಳೊಳಗೆ ಪಾತ್ರೆಯ ಸದ್ದಿಗೆ ಓಡಿಬರಲು ಕಲಿತವು. ಆದರೂ ಪ್ರತಿ ಸಂಜೆ ಎಣಿಸಿ ನೋಡಿ ಅಗಣಿ ಹಾಕುವುದನ್ನು ನಾವು ಬಿಟ್ಟಿಲ್ಲ. ಗೂಡು ಸೇರುವುದನ್ನು ಕೋಳಿ ಕಲಿತೀತು; ಬಾಗಿಲು ಮುಚ್ಚುವುದನ್ನು ಮರೆಯದಿರಬೇಕಾದವರು ನಾವೇ.