ನಾಯಿಯ ಹೊಲಸು ಕಲಿಸಿದ ಮದ್ದು

ಟೇಕಲ್ ಊರೆಂದರೆ ಕಲ್ಲು. ಅಲ್ಲಿರುವ ನಮ್ಮತ್ತೆಯ ಹಳೇ ಮನೆಯ ನೆಲವೂ ಕಲ್ಲುಚಪ್ಪಡಿಯದೇ. ನಡುಮನೆಯ ಎರಡು ಚಪ್ಪಡಿಗಳ ಸಂದಿಯನ್ನು ಬೆಕ್ಕು ಉಚ್ಚೆ ಹೊಯ್ಯಲು ಗೊತ್ತು ಮಾಡಿಕೊಂಡಿತ್ತು. ಫಿನಾಯಿಲ್ ಹಾಕಿ ಉಜ್ಜಿದರೆ ಎರಡು ದಿನ ನೆಮ್ಮದಿ. “ಮಳೆ ಬಂದ್ರೆ ಮತ್ತೆ ನಾರ್ತೈತೆ ಕಣಪ್ಪ” ಎನ್ನುತ್ತಿದ್ದರು ಅತ್ತೆ.

ಅವರ ಮೂಗು ಹೇಳಿದ್ದು ಸರಿ. ಉಚ್ಚೆಯಲ್ಲಿರುವ ಯೂರಿಕ್ ಆಮ್ಲ ನೀರಿಗೆ ಅಷ್ಟಾಗಿ ಕರಗುವುದಿಲ್ಲ, ಹರಳಾಗಿ ಸಂದಿಯಲ್ಲೇ ಕೂರುತ್ತದೆ. ತೇವ ತಗುಲಿದರೆ ವಾಸನೆ ಮತ್ತೆ ಏಳುತ್ತದೆ. ಫಿನಾಯಿಲ್ ತನ್ನ ಘಾಟಿನಿಂದ ಅದನ್ನು ಮುಚ್ಚುತ್ತದೆ, ಅಷ್ಟೆ. ಕೊಳೆಯನ್ನೇ ತುಂಡರಿಸಲು ಕಿಣ್ವ ಬೇಕು. ಕಿಣ್ವ ಬೆರೆಸಿ ಕೊಳೆ ತೆಗೆಯುವ ಉಪಾಯ ಹುಟ್ಟಿದ್ದು ಮಾತ್ರ ನಾಯಿಯ ಹೊಲಸಿನಿಂದ.

ಇಪ್ಪತ್ತನೇ ಶತಮಾನದ ಆರಂಭದವರೆಗೂ ಯುರೋಪಿನಲ್ಲಿ ತೊಗಲು ಹದ ಮಾಡುವವರು ಅದನ್ನು ಮೆತ್ತಗಾಗಿಸಲು ನಾಯಿಯ ಹೊಲಸು ಕದಡಿದ ನೀರಿನಲ್ಲಿ ಅದ್ದುತ್ತಿದ್ದರು. ಜರ್ಮನಿಯ ಸ್ಟುಟ್‌ಗಾರ್ಟ್‌ನ ಅನಿಲ ಕಾರ್ಖಾನೆಯಲ್ಲಿದ್ದ ರಸಾಯನಶಾಸ್ತ್ರಜ್ಞ ಓಟ್ಟೊ ರೋಮ್‌ಗೆ ಅನಿಲ ತೊಳೆದ ನೀರಿನ ನಾತ, ತೊಗಲಿನ ತೊಟ್ಟಿಯ ನಾತ ಎರಡೂ ಒಂದೇ ಅನ್ನಿಸಿತು. ಹಾಗಾದರೆ ಕೆಲಸವೂ ಒಂದೇ ಇರಬೇಕೆಂದು ಆ ನೀರಿನಿಂದಲೇ ಒಂದು ದ್ರಾವಣ ಮಾಡಿದ. ಅದು ಕೈಕೊಟ್ಟಿತು. ಮೂಗು ಮೋಸ ಮಾಡಿತ್ತು: ತೊಗಲನ್ನು ಹದಕ್ಕೆ ತರುತ್ತಿದ್ದುದು ನಾತವಲ್ಲ, ನಾಯಿಯ ಹೊಟ್ಟೆಯಿಂದ ಹೊಲಸಿನೊಡನೆ ಹೊರಬಂದ ಜೀರ್ಣಕಿಣ್ವಗಳು.

ಆಗ ರೋಮ್ ಹೊಲಸು ಬಿಟ್ಟು ಕಿಣ್ವದ ಮೂಲಕ್ಕೇ ಕೈಹಾಕಿದ. ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆದ ಕಿಣ್ವದಿಂದ ‘ಓರೊಪಾನ್’ ತಯಾರಾಯಿತು. 1907ರಲ್ಲಿ ಓಟ್ಟೊ ಹಾಸ್ ಜೊತೆ ಸೇರಿ ಕಂಪನಿ ಕಟ್ಟಿದ. ತೊಗಲಿನಲ್ಲಿ ಬೇಡದ ಪ್ರೋಟೀನು ಕರಗಿಸುವ ಕಿಣ್ವ ಬಟ್ಟೆಯ ಕಲೆಯನ್ನು ಏಕೆ ಬಿಡಿಸಬಾರದು? ಆ ಯೋಚನೆಗೆ 1913ರಲ್ಲಿ ಪೇಟೆಂಟ್ ಪಡೆದ. ‘ಬುರ್ನಸ್’ ಹೆಸರಿನಲ್ಲಿ ಕಿಣ್ವ ಬೆರೆತ ಮೊದಲ ಮಾರ್ಜಕ ಮಾರುಕಟ್ಟೆಗೆ ಬಂತು. ಆದರೆ ಮಾರ್ಜಕದಲ್ಲಿದ್ದ ಸೋಡಾದ ಕ್ಷಾರದಲ್ಲಿ ಆ ಕಿಣ್ವ ಸೊರಗುತ್ತಿತ್ತು. ಕ್ಷಾರ ತಾಳಿಕೊಳ್ಳುವ ಕಿಣ್ವ ಮಣ್ಣಿನಲ್ಲಿ ಬದುಕುವ ಬ್ಯಾಸಿಲಸ್ ಬ್ಯಾಕ್ಟೀರಿಯದಿಂದ ದೊರೆತು ಬಳಕೆಗೆ ಬಂದದ್ದು 1960ರ ದಶಕದಲ್ಲಿ. ಇಂದು ಸಾಕುಪ್ರಾಣಿಗಳ ವಾಸನೆ ತೆಗೆಯಲು ಸಿಗುವ ಎಷ್ಟೋ ದ್ರಾವಣಗಳಲ್ಲಿ ಇಂಥ ಕಿಣ್ವಗಳೋ ಬ್ಯಾಕ್ಟೀರಿಯವೋ ಇರುತ್ತವೆ.

ಕಿಣ್ವಕ್ಕೆ ತೇವ ಬೇಕು, ಹೊತ್ತೂ ಬೇಕು. ಫಿನಾಯಿಲ್, ಬ್ಲೀಚಿಂಗ್ ಪುಡಿ ಜೊತೆಗೆ ಸೇರಬಾರದು. ಸೇರಿದರೆ ಅದು ಕೆಟ್ಟೇಹೋಗುತ್ತದೆ. ನಾನು ಮೊದಲು ಸಂದಿಯನ್ನು ಬರೀ ನೀರಿನಿಂದ ತೊಳೆದೆ. ಅಂಥದೊಂದು ದ್ರಾವಣ ಸುರಿದು, ಒದ್ದೆ ಗೋಣಿ ಮುಚ್ಚಿ ರಾತ್ರಿಯಿಡೀ ಬಿಟ್ಟೆ. ಹೀಗೆ ಮೂರು ರಾತ್ರಿ.

ಮುಂದಿನ ಮಳೆಯಲ್ಲಿ ಅತ್ತೆ ಬಗ್ಗಿ ಮೂಸಿದರು, ಏನೂ ಹೇಳಲಿಲ್ಲ. ಆಮೇಲೆ ಬೆಕ್ಕು ಬಂತು. ಅದೂ ಮೂಸಿತು, ಒಂದು ಸುತ್ತು ಹಾಕಿತು, ಗುರುತು ಸಿಗದೆ ಹಿತ್ತಲಿಗೆ ಹೋಯಿತು.