ಸಂಬಳ ಮುರಿದು ಕಟ್ಟಿದ ನೌಕಾಪಡೆ

1853ರಲ್ಲಿ ಅಮೆರಿಕದ ಪೆರಿ ನಾಲ್ಕು ಯುದ್ಧನೌಕೆಗಳೊಡನೆ ಎಡೊ ಕೊಲ್ಲಿಗೆ ಬಂದಾಗ ಅವಕ್ಕೆ ಎದುರು ನಿಲ್ಲುವ ಒಂದು ಹಡಗೂ ಜಪಾನಿನಲ್ಲಿರಲಿಲ್ಲ. ಅದೇ ಜಪಾನ್ 1905ರ ಮೇ ತಿಂಗಳಲ್ಲಿ ತ್ಸುಷಿಮಾ ಜಲಸಂಧಿಯಲ್ಲಿ ರಷ್ಯದ ನೌಕಾಪಡೆಯನ್ನು ಧೂಳೀಪಟ ಮಾಡಿತು. ಇದನ್ನು ಸಮುರಾಯ್ ಶೌರ್ಯದ ಫಲವೆನ್ನುವವರುಂಟು. ಲೆಕ್ಕದ ಪುಸ್ತಕ ಹೇಳುವ ಕಥೆ ಬೇರೆ. 1893ರಲ್ಲಿ ಸಂಸತ್ತು ಹಡಗುಗಳ ವೆಚ್ಚಕ್ಕೆ ಕತ್ತರಿ ಹಾಕಹೊರಟಾಗ ಮೇಜಿ ಚಕ್ರವರ್ತಿ ಆರು ವರ್ಷ ಕಾಲ ಅರಮನೆಯ ಖರ್ಚಿನಿಂದ ವರ್ಷಕ್ಕೆ 3 ಲಕ್ಷ ಯೆನ್ ಕೊಡುವುದಾಗಿ ಸಾರಿದ. ಸರ್ಕಾರಿ ನೌಕರರ ಸಂಬಳದಲ್ಲೂ ಹತ್ತನೆಯ ಒಂದು ಪಾಲು ಮುರಿಯಲಾಯಿತು. ಅತ್ತ ಚೀನಾದಲ್ಲಿ ನೌಕಾಪಡೆಯ ಹಣ ರಾಜಮಾತೆಯ ಬೇಸಿಗೆ ಅರಮನೆಗೆ ಹರಿದುಹೋಗಿತ್ತು! 1895ರಲ್ಲಿ ಸೋತ ಚೀನಾ ತೆತ್ತ ಪರಿಹಾರಧನವೂ ಜಪಾನಿನ ಹೊಸ ಹಡಗುಗಳಿಗೇ ಸಂದಿತು. ಅಡ್ಮಿರಲ್ ಟೋಗೊನ ಧ್ವಜನೌಕೆ ‘ಮಿಕಾಸ’ ತಯಾರಾದದ್ದು ಮಾತ್ರ ಇಂಗ್ಲೆಂಡಿನ ಬ್ಯಾರೊ ಪಟ್ಟಣದಲ್ಲಿ. ಅದೀಗ ಯೊಕೊಸುಕಾದಲ್ಲಿ ಸ್ಮಾರಕವಾಗಿ ನಿಂತಿದೆ.